ಸೆಫಿನಾಳ ಸಿಹಿ ಅನುವಾದ

“ಆ ಮೊಂಡನಿಗೆ ಹೇಳು ತಂಗಿ, ಅವನು ನೆಟ್ಟ ಕಂಬ ಕುಡಿದವನ ಥರ ವಾಲಿ ನಿಂತಿದೆ ಅಂತ!” ಪೆನಿಯಾಮಿನಾ ಮೇಜು ಗುದ್ದಿದ.

ಸೆಫಿನಾ ಬಾಂಗ್ ಕಡೆ ತಿರುಗಿ ಕೊರಿಯನ್ ಭಾಷೆಯಲ್ಲಿ ಹೇಳಿದಳು: “ನಿಮ್ಮ ಕಂಬದ ನಿಲುವು ನೋಡಿ ಅವರು ಬೆರಗಾಗಿಬಿಟ್ಟಿದ್ದಾರೆ ಸರ್.”

ಬಾಂಗ್ ಟೋಪಿಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ. “ಈ ಡೊಳ್ಳುಹೊಟ್ಟೆಗೆ ಹೇಳಮ್ಮ, ಅವನ ಜಲ್ಲಿ ಬರೋದ್ರೊಳಗೆ ನನ್ನ ಹಲ್ಲೆಲ್ಲ ಉದುರಿರುತ್ತೆ ಅಂತ.”

“ನಿಮ್ಮ ಜಲ್ಲಿಗೆ ಎಷ್ಟು ಕಾದರೂ ಅವರಿಗೆ ಬೇಜಾರಿಲ್ವಂತೆ ಅಣ್ಣಾ,” ಎಂದಳು ಸಮೋವನ್ ಭಾಷೆಯಲ್ಲಿ. ಪೆನಿಯಾಮಿನಾ ಛಾವಣಿ ನೋಡುತ್ತ ಕುಳಿತ. ಹೊಟ್ಟೆ ಮಾತ್ರ ಅದುರುತ್ತಿತ್ತು. ಸಿಟ್ಟು, ಅಂದುಕೊಂಡಳು.

ಸಮೋವಾದ ಸವಾಯಿ ದ್ವೀಪದ ಆ ಮೂಲೆಯಲ್ಲಿ ಹಡಗುಕಟ್ಟೆ ಕಟ್ಟಲು ಬಾಂಗ್‌ನ ಕೊರಿಯನ್ ಕಂಪನಿಯೂ ಪೆನಿಯಾಮಿನಾನ ಊರ ಕಂಪನಿಯೂ ಕೈಜೋಡಿಸಿದ್ದವು. ಅಪಾಯ ನಿರ್ವಹಣೆ ಸೆಫಿನಾಳ ಹುದ್ದೆ. ದುಭಾಷಿಯ ಕೆಲಸವೂ ಅವಳ ತಲೆಗೇ ಬಿತ್ತು. ಚಂಡಮಾರುತಕ್ಕೆ ವಿಮೆ ಇತ್ತು. ಈ ಇಬ್ಬರ ನಾಲಿಗೆಗೆ ಇರಲಿಲ್ಲ. ಹಿಂದೆ ಬೇರೆ ಕಂಪನಿಗಳು ಮಾಡಿಕೊಂಡಿದ್ದ ಪಾಲುದಾರಿಕೆ ಒಂದೇ ಒಂದು ಬೈಗುಳಕ್ಕೆ ಮುರಿದುಬಿದ್ದು, ಅದರ ಅರ್ಧ ಕಟ್ಟೆಯ ಮೇಲೆ ಈಗ ಕೋಳಿಗಳು ಓಡಾಡುತ್ತಿದ್ದವು. ಇದೂ ಮುರಿದರೆ ಮುದುಕಿಯರೂ ಬಸುರಿಯರೂ ಸೊಂಟಮಟ್ಟದ ನೀರಲ್ಲಿ ನಡೆದೇ ದೋಣಿ ಹತ್ತಬೇಕು.

ಹಾಗಾಗಿ ಸೆಫಿನಾ ಸಕ್ಕರೆ ಬೆರೆಸುತ್ತಲೇ ಹೋದಳು. ವಿಚಿತ್ರವೆಂದರೆ, ಅವಳು ಹೊಗಳಿದ್ದೆಲ್ಲ ಕೂಡಲೇ ಸರಿಹೋಗುತ್ತಿತ್ತು. ಕಂಬ ನೆಟ್ಟಗಾಯಿತು. ಜಲ್ಲಿ ಬಂತು. ಒಳ್ಳೆ ಮಾತಿಗೆ ಎಂಥ ಶಕ್ತಿ ಎಂದು ಒಳಗೊಳಗೇ ಬೀಗಿದಳು.

ಭಾನುವಾರ ಚರ್ಚಿನಲ್ಲಿ ಗಂಟಲು ಹರಿಯುವಂತೆ ಹಾಡಿದಳು. ಸೋಮವಾರ ಧ್ವನಿಯೇ ಇಲ್ಲ. ಅಂದೇ ಎರಡೂ ಕಂಪನಿಗಳ ಕ್ರೇನುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು.

“ಇವನ ತಲೆಯಲ್ಲಿ ಮಿದುಳಿಲ್ಲ, ಬರೀ ಮರಳು!” ಪೆನಿಯಾಮಿನಾ ಒದರಿದ.

ಧ್ವನಿಯಿಲ್ಲದ ಸೆಫಿನಾ ಕೈಸನ್ನೆಗಿಳಿದಳು. ಎದೆಗೆ ಕೈಯಿಟ್ಟು, ಹೂವರಳಿದಂತೆ ಬೆರಳು ಬಿಡಿಸಿ, ಬಾಂಗ್‌ನತ್ತ ನಗೆ ಬೀರಿದಳು.

“ಮರಳಾದ್ರೂ ಇದೆಯಲ್ಲೋ. ನಿನ್ನ ತಲೆಯಲ್ಲಿ ಅದೂ ಇಲ್ಲ,” ಎಂದ ಬಾಂಗ್. ಅಚ್ಚ ಸಮೋವನ್‌ನಲ್ಲಿ.

ಪೆನಿಯಾಮಿನಾ ನಿರರ್ಗಳ ಕೊರಿಯನ್‌ನಲ್ಲಿ ತಿರುಗೇಟು ಕೊಟ್ಟ. ಹಡಗಿನ ಖಲಾಸಿಗಳಷ್ಟೇ ಆಡುವಂಥ ಕೊರಿಯನ್.

ಸೆಫಿನಾ ಸಿಮೆಂಟ್ ಚೀಲದ ಮೇಲೆ ಕುಸಿದಳು.

“ನಾನು ಹುಟ್ಟಿದ್ದೇ ಇಲ್ಲೇ ಪಕ್ಕದ ಸಮೋವನ್ ಬಂದರು ಪಾಗೊ ಪಾಗೊದಲ್ಲಿ ಕಣಮ್ಮ,” ಎಂದ ಬಾಂಗ್. “ಇವನು ನಮ್ಮಪ್ಪನ ಮೀನು ಹಡಗಲ್ಲಿ ಬಲೆ ಎಳೀತಿದ್ದ.”

ಹಾಗಾದ್ರೆ ನಾನ್ಯಾಕೆ? ಅವಳ ತುಟಿಯಷ್ಟೇ ಅಲುಗಿತು.

ಪೆನಿಯಾಮಿನಾ ಅವಳಿಗೆ ನಿಂಬೆ ಎಲೆಯ ಬಿಸಿ ಚಹಾ ಬಗ್ಗಿಸಿದ. “ಬೈಯೋಕೆ ನಾವಿಬ್ರೇ ಸಾಕು ತಂಗಿ. ನೀನಿಲ್ದಿದ್ರೆ ನಮ್ಮನ್ನ ಹೊಗಳೋರು ಯಾರು?”