ಬೊಂಬೆಗೂ ಒಂದು ಸಂಸಾರ

ಕೃಷ್ಣರಾಜಪೇಟೆಯ ಸಂತೆಯಲ್ಲಿ ಭವಿಷ್ಯ ಹೇಳುವ ತಗಡಿನ ಬೊಂಬೆಯ ಎದುರು ಕೂತ ಬೂಕನಕೆರೆಯ ಚಿಕ್ಕಬೋರಮ್ಮ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಳ್ಳುತ್ತಲೇ ಕೇಳಿಬಿಟ್ಟಳು: "ನನ್ ಮಗ್ಳು ಕೂಸು ಎತ್ಕೊಂಡು ಮನೆಗೆ ಬತ್ತಾಳಾ ಇಲ್ವಾ, ಅದೊಂದು ಏಳು."

ಮಗಳು ಸೋಮಮ್ಮನನ್ನು ನಾಗಮಂಗಲಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದ್ದು, ಬೀಗರು ಕಳಿಸಲಿಲ್ಲ. ಆ ಸಿಟ್ಟಿಗೆ ಚಿಕ್ಕಬೋರಮ್ಮ ಅವರ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿ, ಮೊಮ್ಮಗುವಿನ ಮುಖವನ್ನೂ ನೋಡದೆ ಕೊರಗುತ್ತಿದ್ದಳು. ಹಟ ಅಂದರೆ ಅಂಥಾ ಹಟ.

ಆ ಬೊಂಬೆ, ರೇಡಿಯೊ ರಿಪೇರಿ ಮಾಡುವ ಚಿಕ್ಕಸ್ವಾಮಿಯದು. ಅದರ ಹೊಟ್ಟೆಯೊಳಗೆ ಊರಿಗೇ ಅಪರೂಪವಾದ ಟೇಪ್ ರೆಕಾರ್ಡರು. ಮೊದಮೊದಲು ಅದು "ನಿಮ್ಮ ಭವಿಷ್ಯ ಉಜ್ವಲವಾಗಿದೆ" ಎಂದು ಬಂದವರಿಗೆಲ್ಲ ಒಂದೇ ಸಮ ಒದರುತ್ತಿತ್ತು. ಜನ ನಕ್ಕು ಹೋಗುತ್ತಿದ್ದರು. ಅವನ ಹೆಂಡತಿ ಪ್ರೇಮಮ್ಮನಿಗೆ ರೇಗಿತು. ಕಷ್ಟಸುಖ ಇಲ್ಲದವರ ಹತ್ತಿರ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ, ಬೊಂಬೆಗೂ ಒಂದು ಸಂಸಾರ ಇರಲಿ ಎಂದು, ತಾನೇ ಮುದುಕಿಯ ದನಿ ಮಾಡಿಕೊಂಡು ಹೊಸ ಟೇಪು ತುಂಬಿಸಿದಳು. ಎಲ್ಲರ ಮನೆಯಲ್ಲೂ ಇರುವ ಕೊರಗನ್ನೇ ಆರಿಸಿ, ನಡುನಡುವೆ ಎದುರಿನವರು ಮಾತಾಡಲು ಬಿಡುವೂ ಕೊಟ್ಟಿದ್ದಳು.

ಈಗ ಆ ಮುದುಕಿ ಚಿಕ್ಕಬೋರಮ್ಮನ ಕಿವಿಯಲ್ಲಿ ಗೊಣಗತೊಡಗಿದಳು. "ನಿನ್ ಇಸ್ಯ ಆಮೇಕೆ ಕಣವ್ವ. ನನ್ ಮಗ್ಳೂ ಈ ಕಡೆ ತಲೆ ಆಕ್ನಿಲ್ಲ. ಬೇಕಾದ್ರೆ ಅವ್ಳೇ ಬರ್ಲಿ. ನಾನ್ಯಾಕೆ ಓಗ್ಲಿ?"

ಚಿಕ್ಕಬೋರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿರುವುದು ತಗಡು ಎನ್ನುವುದೂ ಮರೆತುಹೋಯಿತು. ಹೆತ್ತವಳಿಗೆ ಇಷ್ಟು ಬಿಂಕ ಇರಬಾರದು, ಅಲ್ಲಿ ಆ ಹುಡುಗಿ ಅತ್ತೆಮಾವನ ನಡುವೆ ಬಾಯಿ ಬಿಡಲಾರದೆ ಎಷ್ಟು ಸಂಕಟಪಡುತ್ತಿದೆಯೋ ಎಂದು ಬೊಂಬೆಯ ಜನ್ಮ ಜಾಲಾಡಿದಳು.

"ಅವ್ಳು ಎಂಗಮ್ಮಿ ಬತ್ತಾಳೆ? ಕೈಯಾಗೆ ಎಳೇ ಕೂಸದೆ. ನೀನೇ ಎದ್ದು ಓಗು. ಕಾಲು ಸವೆದೋಯ್ತದಾ?"

ಅಷ್ಟು ಹೇಳುವಷ್ಟರಲ್ಲಿ ತಾನಾಡಿದ್ದು ತನಗೇ ತಾಕಿತ್ತು. ಕಣ್ಣು ತುಂಬಿ ಬಂತು.

ಹೆಡ್‌ಫೋನು ತೆಗೆದು ಚಿಕ್ಕಸ್ವಾಮಿಯ ಕೈಗಿಟ್ಟು, ಎಳೆಗೂಸಿಗೆ ಕುಲಾವಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ನಾಗಮಂಗಲದ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದಳು. ಟೇಪು ಇನ್ನೂ ಓಡುತ್ತಿತ್ತು. ಭವಿಷ್ಯ ಬರುವುದು ಕೊನೆಯಲ್ಲಿ, ಪೂರ್ತಿ ಕೇಳಿಸಿಕೊಂಡು ಹೋಗಿ ಎಂದ ಚಿಕ್ಕಸ್ವಾಮಿ.

"ನಂದು ಗೊತ್ತಾಯ್ತು ಬುಡಪ್ಪ," ಎಂದಳು ಚಿಕ್ಕಬೋರಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಪಾಪ, ಮೊದ್ಲು ಆಯಮ್ಮುನ್ನೂ ಮಗ್ಳ ಮನೆ ಬಸ್ ಅತ್ಸು."