ಎಣಿಕೆಯ ವಾರ

ಸೋಮವಾರ ಬೆಳಿಗ್ಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದ ಅಪರಿಚಿತನ ಅಂಗೈಯಲ್ಲಿ ಉಕ್ಕಿನ ಪುಟ್ಟ ಎಣಿಕೆ ಯಂತ್ರವಿತ್ತು. ಗುನ್ವೋರ್ ಅದನ್ನು ಮೊದಲು ಕಂಡಳು.

"ಬಂದಿದಾನೆ," ಎಂದಳು ಪಕ್ಕದ ಬೋರ್ಯೆಗೆ, ಮುಖ ತಿರುಗಿಸದೆ. "ಪ್ರಾಂತ್ಯದ ಕಚೇರಿಯವನು."

"ಹಣೆ ಮೇಲೆ ಬರ್ಕೊಂಡಿದಾನಾ?"

"ಹಣೆ ಬಿಡು. ಕೈ ನೋಡು."

ಹಲ್ಲು ಕೀಳಿಸಲು ಹೊರಟಿದ್ದ ಬೋರ್ಯೆ ದವಡೆ ಹಿಡಿದುಕೊಂಡೇ ತಿರುಗಿದ. ಬಸ್ಸು ಅವನ ಬೀಗ ಹಾಕಿದ ಮನೆಯನ್ನು ದಾಟಿತು. ಟಿಕ್, ಎಂದಿತು ಯಂತ್ರ.

ಸ್ವೀಡನ್ನಿನ ಸ್ಟೆನ್‌ಲಿಡೆನ್ ಎಂಬ ಆ ಪುಟ್ಟ ಊರಿನ ಬಸ್ಸು ಹೊಸ ವರ್ಷದಿಂದ ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪ್ರಾಂತ್ಯದ ಬಳಿ ಇದ್ದ ಹಣವೆಲ್ಲ ಕರಾವಳಿಯ ಹೊಸ ರೈಲಿಗೆ ಹೋಗಿತ್ತು. ಉಳಿದದ್ದನ್ನು ಜನ ಹತ್ತುವ ಬಸ್ಸುಗಳಿಗೆ ಮಾತ್ರ ಕೊಡುತ್ತಾರಂತೆ. ಡಿಸೆಂಬರಿನಲ್ಲಿ ಬಂದು ಎಣಿಸುತ್ತಾರೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು.

ಗುನ್ವೋರಳ ಮೂತ್ರಪಿಂಡಗಳು ಸೋತಿದ್ದವು. ದಿನ ಬಿಟ್ಟು ದಿನ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಸ್ಸು ನಿಂತರೆ ಪಟ್ಟಣದ ವೃದ್ಧರ ವಸತಿಯಲ್ಲಿ ಒಂದು ಕೋಣೆ. ಆ ಕೋಣೆಯನ್ನು ಅವಳಿಗೆ ಆಗಲೇ ತೋರಿಸಿದ್ದರು. ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು.

ಅಂದು ಸಂಜೆ ಇಡೀ ಊರು ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯಿತು. ಊರೆಂದರೆ ನಿವೃತ್ತರೇ.

"ನಾಳೆಯಿಂದ ಶುಕ್ರವಾರದ ತನಕ ಎಲ್ರೂ ಬೆಳಿಗ್ಗೆ ಬಸ್ಸು ಹತ್ಬೇಕು. ಸಂಜೆ ಬಸ್ಸಿಗೇ ವಾಪಸ್ಸು," ಎಂದಳು ಗುನ್ವೋರ್.

"ಇಡೀ ದಿನ ಪಟ್ಟಣದಲ್ಲಿ ಏನ್ಮಾಡೋದು?" ಎಂದ ಬೋರ್ಯೆ.

"ಲೈಬ್ರರೀಲಿ ನಿದ್ದೆ ಮಾಡು. ಮನೇಲಿ ಮಾಡೋದೂ ಅದೇ ತಾನೆ?"

ಎಲ್ಲರೂ ನಕ್ಕರು. ಬೋರ್ಯೆ ಸೋಲಲಿಲ್ಲ. "ಹೋದ ವರ್ಷ ಕರೆಂಟ್ ತೆಗೆಯೋ ಗಾಳಿಯಂತ್ರದ ಕಂಪನಿಯವರನ್ನೇ ಓಡಿಸಿದ್ವಿ. ಒಂದು ಬಸ್ಸು ಉಳಿಸ್ಕೊಳ್ಳೋಕೆ ಇಷ್ಟು ನಾಟಕಾನಾ?"

"ಅದು ಬೇರೆ. ಹಗಲು ಜನ ಇರೋ ಮನೆ ಮೇಲೆ ಯಂತ್ರದ ರೆಕ್ಕೆ ನೆರಳು ಬೀಳೋ ಹಾಗಿಲ್ಲ ಅಂತ ನಿಯಮ ಇತ್ತು, ಗೆದ್ವಿ. ಬಸ್ಸಿಗೆ ಯಾವ ನಿಯಮ ಇದೆ? ನಮ್ಮ ಕುಂಡೆ ಇದೆ. ತಗೊಂಡೋಗಿ ಸೀಟಿನ ಮೇಲೆ ಇಡೋಣ." ಬನ್ನಿನ ತಟ್ಟೆ ಮುಂದೆ ತಳ್ಳಿದಳು. "ಹೊರಡೋವಾಗ ಒಲೆ ಆರಿಸಿ. ಕಿಟಕಿಯ ನಕ್ಷತ್ರಾನೂ ಆರಿಸಿ."

ಕ್ರಿಸ್‌ಮಸ್ಸಿಗೆ ಮುಂಚಿನ ಆ ವಾರಗಳಲ್ಲಿ ಕಿಟಕಿಯ ಕಾಗದದ ನಕ್ಷತ್ರದೊಳಗಿನ ದೀಪ ಆರಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ನಕ್ಷತ್ರ ಏನ್ ಮಾಡ್ತು ನಿಂಗೆ?" ಎಂದ ಬೋರ್ಯೆ, ಮೆಲ್ಲಗೆ.

"ಬೆಳಕು ಕಂಡ್ರೆ, ಮನೇಲೇ ಇರೋರಿಗೆ ಬಸ್ಸು ಯಾಕೆ ಅಂತಾನೆ."

ಮರುದಿನ ಬಸ್ಸು ತುಂಬಿತು. ಬೋರ್ಯೆ ಸತ್ತ ಅಣ್ಣನ ಆಫೀಸು ಚೀಲ ಹಿಡಿದು, ಬಾತುಕೊಂಡ ದವಡೆಯಲ್ಲಿ, ಕೆಲಸಕ್ಕೆ ತಡವಾದವನಂತೆ ಓಡುತ್ತ ಬಂದ. ಚಾಲಕ ತೆಕ್ಲೆ ಹುಬ್ಬೇರಿಸಿದ. ಎಲ್ಲೋ ಎರಿಟ್ರಿಯಾದಿಂದ ಬಂದು ವರ್ಷಗಳಿಂದ ಇದೇ ದಾರಿಯಲ್ಲಿ ಖಾಲಿ ಬಸ್ಸು ಓಡಿಸಿದವನು ಅವನು.

ಜನ ಹತ್ತುವಾಗ ಅಪರಿಚಿತ ಸುಮ್ಮನಿರುತ್ತಿದ್ದ. ಬಸ್ಸು ಹೊರಟ ಮೇಲೆ, ಗಾಜಿಗೆ ಹಣೆ ಒತ್ತಿ, ಟಿಕ್. ತುಸು ದೂರ ಹೋಗಿ ಮತ್ತೆ ಟಿಕ್.

"ನಮ್ಮ ಸ್ವೀಡನ್ನಿನವರೇ ಹೀಗೆ," ಎಂದ ಬೋರ್ಯೆ. "ಮುಖ ನೋಡಿ ಎಣಿಸೋಕೂ ನಾಚ್ಕೆ."

ಗುನ್ವೋರಳಿಗೆ ಆ ಸದ್ದು ಹಿತವಾಗಿತ್ತು. ಸೋಮವಾರ ಅಲ್ಲೊಂದು ಇಲ್ಲೊಂದು ಕೇಳಿತ್ತು. ಈಗ ಊರು ದಾಟುವ ತನಕ ನಿಲ್ಲುತ್ತಿರಲಿಲ್ಲ.

ಬುಧವಾರ ಅವನಿಗೊಂದು ಕೇಸರಿ ಬನ್ನು ಕೊಟ್ಟಳು.

"ಥ್ಯಾಂಕ್ಸ್. ಈ ಬಸ್ಸು ಎಲ್ಲಾ ಮನೆ ಮುಂದೇನೂ ಹೋಗುತ್ತೆ ಅಲ್ವಾ?"

"ಒಂದೂ ಬಿಡಲ್ಲ."

"ಮತ್ತೆ ಇಷ್ಟು ಜನ ದಿನಾ ಹೋದ್ರೆ, ಮನೇಲಿ ಯಾರಿರ್ತಾರೆ?"

"ಒಂದು ನರಪಿಳ್ಳೇನೂ ಇರಲ್ಲ," ಎಂದಳು ಗುನ್ವೋರ್ ಹೆಮ್ಮೆಯಿಂದ. "ಎಲ್ರಿಗೂ ಪಟ್ಟಣದಲ್ಲಿ ಕೆಲಸ ಇರುತ್ತೆ. ಕತ್ತಲಾದ ಮೇಲೇ ಬರೋದು."

"ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ."

ಅವನು ತಲೆಯಾಡಿಸಿದ. ಬನ್ನು ಚೆನ್ನಾಗಿದೆ ಎಂದ.

ಶುಕ್ರವಾರ ಡಯಾಲಿಸಿಸ್ ಮುಗಿದಾಗ ಗುನ್ವೋರಳಿಗೆ ನಿಲ್ಲಲಾಗಲಿಲ್ಲ. ಲೈಬ್ರರಿಯ ಕುರ್ಚಿ ಬೇಡ, ಮನೆಗೆ ಹೋಗು ಎಂದು ಬೋರ್ಯೆಯೇ ಗದರಿ ಮಧ್ಯಾಹ್ನದ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಅವಳು, ತೆಕ್ಲೆ ಮತ್ತು ಕೊನೆಯ ಸೀಟಿನವನು.

ಊರು ಬಂತು. ಒಂದು ಚಿಮಣಿಯಲ್ಲೂ ಹೊಗೆಯಿಲ್ಲ. ಕಿಟಕಿಗಳಲ್ಲಿ ಆರಿದ ನಕ್ಷತ್ರಗಳು ಒಣಗಿದ ಎಲೆಗಳಂತೆ ತೂಗುತ್ತಿದ್ದವು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ.

ಟಿಕ್. ಟಿಕ್. ಟಿಕ್.

ಕೊನೆಯ ನಿಲ್ದಾಣ ಅವಳ ಮನೆಯ ಎದುರೇ. ಅವನು ಮೊದಲು ಇಳಿದ. ಗುನ್ವೋರ್ ತೆಕ್ಲೆಯ ಬಳಿ ನಿಂತಳು.

"ಎಣಿಕೆ ಚೆನ್ನಾಗಿ ಬಂದಿರಬೇಕು, ಅಲ್ವಾ?"

"ಯಾವ ಎಣಿಕೆ ಅಮ್ಮಾ?" ತನ್ನ ದೇಶದ ರೂಢಿಯಂತೆ ಅವನು ಅವಳನ್ನು ಹಾಗೇ ಕರೆಯುತ್ತಿದ್ದ. ಬಾಗಿಲ ಮೇಲಿನ ಕ್ಯಾಮೆರಾದ ಕಪ್ಪು ಗಾಜಿನ ಕಣ್ಣನ್ನು ತೋರಿಸಿದ. "ಬಸ್ಸು ಹತ್ತೋರನ್ನ ಇದು ಎಣಿಸುತ್ತೆ. ಅಕ್ಟೋಬರಲ್ಲೇ ಮುಗೀತು. ಜನವರಿಯಿಂದ ಈ ಬಸ್ಸಿಲ್ಲ, ನಂಗೆ ಕರಾವಳೀಲಿ ಕೆಲಸ. ನಿಮಗೆ ಹೇಳಿಲ್ವಾ ಯಾರೂ?"

ಅವಳು ಕಂಬಿ ಹಿಡಿದುಕೊಂಡಳು. "ಹಾಗಾದ್ರೆ ಅವನು?"

"ಗೊತ್ತಿಲ್ಲ. ಪ್ರಾಂತ್ಯದವನಂತೂ ಅಲ್ಲ. ದಿನಾ ಈ ಮಧ್ಯಾಹ್ನದ ಬಸ್ಸಲ್ಲಿ ನಾನು, ಅವನು, ಇಬ್ಬರೇ. ಆದ್ರೂ ಆ ಯಂತ್ರ ಒತ್ತುತ್ತಾನೇ ಇರ್ತಾನೆ."

ರಸ್ತೆಯಾಚೆ ಬಿಳಿ ಕಾರೊಂದು ಆ ಅಪರಿಚಿತನಿಗಾಗಿ ಕಾಯುತ್ತಿತ್ತು. ಅದರ ಬಾಗಿಲ ಮೇಲೆ ಹೂವಿನಂತೆ ಬಿಡಿಸಿದ ಗಾಳಿಯಂತ್ರದ ಮೂರು ಉದ್ದ ರೆಕ್ಕೆಗಳು. ಅವನು ಹತ್ತುವ ಮುನ್ನ ತಿರುಗಿ, ಹೊಗೆಯಿಲ್ಲದ, ಬೆಳಕಿಲ್ಲದ ಅವಳ ಮನೆಯನ್ನು ಒಮ್ಮೆ ನೋಡಿದ.

ಟಿಕ್.