ಹಸಿರು ಬಳೆ

ಬೆಳಿಗ್ಗೆ ನೆರೆಮನೆಯ ಕನ್ನಡದ ಹೆಂಗಸರು ತೊಡಿಸಿದ ಹಸಿರು ಬಳೆ, ಮುಡಿಸಿದ ಹೂವಿನಲ್ಲೇ ಅವಳು ಪರದೇಶದಲ್ಲಿನ ತಮ್ಮ ವಕೀಲರ ಕಚೇರಿಗೆ ಬಂದಳು. ವಕೀಲರೂ ಕನ್ನಡದವರೇ. ಅವಳನ್ನು ನೋಡಿ ನಕ್ಕರು.

“ಏನಮ್ಮ, ಮನೇಲಿ ಹಬ್ಬವಾ?”

“ನಮ್ಮೆಜಮಾನ್ರು ಊರಿಗೆ ಹೊರಟವ್ರೆ, ಸಾರ್.”

“ಇಲ್ಲೇ ಇರೋಕೆ ಹಾಕಿರೋ ಕೇಸು ಇನ್ನೂ ಕೋರ್ಟಲ್ಲಿದೆ! ಈಗ ದೇಶ ಬಿಟ್ರೆ ವಾಪಸ್ ಬಿಟ್ಕೊಳ್ಳಲ್ಲ ಅಂತ ಹೇಳಿರ್ಲಿಲ್ವಾ?”

“ಅವ್ರು ವಾಪಸ್ ಬರಾಕಿಲ್ಲ. ನಾನು ಜೊತೇಲಿ ಹೋಗಿ ಬರಬೌದಾ ಅಂತ ಕೇಳಾಕೆ ಬಂದೆ.”

“ನಿಮ್ಮದೂ ಅದೇ ಕೇಸು. ಹೋದ್ರೆ ಇಲ್ಲಿ ಓದ್ತಿರೋ ಮಗಳ ಹತ್ರ ಮತ್ತೆ ಬರೋಕಾಗಲ್ಲ.”

ಅವಳು ಬಳೆಗಳನ್ನು ಸವರಿದಳು.

“ಹಂಗಾದ್ರೆ, ಅವ್ರನ್ನ ಊರಲ್ಲಿ ಮಣ್ಣು ಮಾಡ್ವಾಗ ಫೋನ್ ಮಾಡಿ ಅಂತ ಅಲ್ಲಿಯವ್ರಿಗೆ ಹೇಳ್ತೀನಿ. ಬಳೆ ಇಲ್ಲೇ ಒಡ್ಕೋತೀನಿ, ಸಾರ್.”